ಎರ್ರೆಪ್ಪನ ಅರ್ಹತಾ ಪತ್ರ

ಕರೂರಿನ ಎರ್ರೆಪ್ಪ ನನ್ನ ವಿದ್ಯಾರ್ಥಿಯಾಗಿದ್ದದ್ದು ೧೯೮೩ರಲ್ಲಿ. ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಆ ವರ್ಷ ಪರಿಸರ ನಿರ್ವಹಣೆಯ ಹೊಸ ಕೋರ್ಸು ತೆರೆದಿದ್ದರು. ಭತ್ತದ ಗದ್ದೆಯಲ್ಲಿ ಕೂಲಿ ಮಾಡುವ ಜಡೆಮ್ಮನ ಮಗ ಅವನು. ಕಾಲುವೆಯ ನೀರು ಹೆಚ್ಚಾಗಿ ನೆಲ ಸವುಳಾಗುವುದನ್ನು ಅವನಷ್ಟು ಚೆನ್ನಾಗಿ ಬರೆದವರು ಇರಲಿಲ್ಲ. ಊರಿನ ಗದ್ದೆಗಳ ಬಿಳಿ ಉಪ್ಪನ್ನು ಕಾಗದದಲ್ಲಿ ಕಟ್ಟಿ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದ.

ಕೋರ್ಸಿನ ಕೊನೆಗೆ ಕುರುಗೋಡಿನ ಬೆಟ್ಟದ ಬುಡದಲ್ಲಿ ಐದು ದಿನಗಳ ಶಿಬಿರ. ಬಯಲಿನಲ್ಲಿ ಅಪಾಯವೊದಗಿದರೆ ಏನು ಮಾಡಬೇಕೆಂಬ ತರಬೇತಿ. ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟುವುದು, ಹಾವು ಕಡಿದವನನ್ನು ಹೊತ್ತು ತರುವುದು, ಎಲ್ಲವೂ ಆಯಿತು. ನಾಲ್ಕನೆಯ ದಿನ, ನೀರಿನಲ್ಲಿ ಮುಳುಗಿದವರಿಗೆ ಬಾಯಿಗೆ ಬಾಯಿ ಹಚ್ಚಿ ಉಸಿರು ಊದುವ ಪಾಠ. ಇಬ್ಬಿಬ್ಬರು ಜೊತೆಯಾಗಬೇಕಿತ್ತು. ಎರ್ರೆಪ್ಪನ ಪಾಲಿಗೆ ಬಂದ ಚಂದ್ರಣ್ಣ ಎದ್ದು ನಿಂತ.

“ನಾ ಮುಳುಗಿ ಸತ್ರ ಸಾಯ್ತೀನಿ ಬಿಡ್ರಿ ಸಾರ್. ಈ ಕೇರಿಯವನ ಎಂಜಲು ಮಾತ್ರ ಬ್ಯಾಡ.”

ಎಲ್ಲರೂ ನಕ್ಕರು. ಎರ್ರೆಪ್ಪನೂ ನಕ್ಕ. “ಲೇ ಚಂದ್ರಾ, ನಿನಗ ಊದಿದ್ರ ನನ್ನ ಉಸಿರ ದಂಡ,” ಎಂದ.

ಜಗಳ ಬೇಡವೆಂದು ನಾನು ಎರ್ರೆಪ್ಪನಿಗೆ, “ನೀನು ಸುಮ್ಮನೆ ನೋಡುತ್ತಿರಪ್ಪ, ಸಾಕು,” ಎಂದೆ. ಶಿಬಿರ ಮುಗಿದಾಗ ಅವನ ಅರ್ಹತಾ ಪತ್ರದಲ್ಲಿ ‘ಉಸಿರು ಊದುವುದನ್ನು ಮಾಡಿ ತೋರಿಸಿದ್ದಾನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ.

ಮರುವರ್ಷ ಶ್ರಾವಣದಲ್ಲಿ, ಕರೂರಿನ ಜಮೀನ್ದಾರ ಮರಿಬಸಪ್ಪನವರ ನಾಲ್ಕು ವರ್ಷದ ಮೊಮ್ಮಗಳು ಕಾಲುವೆಗೆ ಬಿದ್ದಳು. ಧುಮುಕಿ ಎತ್ತಿ ತಂದವನು ಎರ್ರೆಪ್ಪ. ಮಗುವಿಗೆ ಉಸಿರಿರಲಿಲ್ಲ. ದಡದಲ್ಲಿ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದ. ಅಲ್ಲಿಗೆ ನಿಂತುಬಿಟ್ಟ. ಓಡಿಬಂದ ಮರಿಬಸಪ್ಪನವರನ್ನು ಕೇಳಿದ:

“ಗೌಡ್ರೆ, ಬಾಯಿ ಹಚ್ಚಲೇನ್ರಿ?”

ಅವರು ಸುತ್ತ ನಿಂತ ಜನರ ಮುಖ ನೋಡಿದರು. ಜನ ಅವರ ಮುಖ ನೋಡಿದರು. ಕೊನೆಗೆ, “ಹಚ್ಚೋ ನಮ್ಮಪ್ಪಾ, ಹಚ್ಚೋ!” ಎಂದು ಕೂಗಿದರಂತೆ. ಸಿರುಗುಪ್ಪದಿಂದ ಡಾಕ್ಟರು ಬರುವವರೆಗೂ ಎರ್ರೆಪ್ಪ ಊದುತ್ತಲೇ ಇದ್ದ. ಮಗು ಬದುಕಲಿಲ್ಲ.

ವಾರದ ಮೇಲೆ ಅವನು ಪಾರ್ವತಿನಗರದ ನಮ್ಮ ಮನೆಗೆ ಬಂದ. ಎಷ್ಟು ಹೇಳಿದರೂ ಕೂಡಲಿಲ್ಲ.

“ಗೌಡ್ರು ನನ್ನ ಬೈಲಿಲ್ರಿ ಸಾರ್. ಕೈ ಮುಗುದ್ರು. ಕೇಳಿದಾವ ನಾನು. ಕೇಳದ ಊದಿದ್ರ ಉಳೀತಿದ್ಲೇನೋ.”

“ನಿನ್ನ ತಪ್ಪಲ್ಲಪ್ಪ,” ಎಂದೆ.

ಅವನು ಪತ್ರ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟ. “ಇದನ್ನ ಹೊಡದು ಹಾಕ್ರಿ. ನಾ ಮಾಡಿ ತೋರಿಸಿದ್ದಿಲ್ಲ.”

ಪೆನ್ನು ತಂದು ಹೊಡೆದು ಹಾಕಿದೆ. ಕೆಳಗಿನ ನನ್ನ ಸಹಿ ಹಾಗೆಯೇ ಉಳಿಯಿತು. ಅವನು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿಗೆ ಹೋದ. ಅದನ್ನು ಹಿಡಿದು ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲವಂತೆ. ಅವ್ವನ ಜೊತೆ ನಾಟಿಗೆ ಹೋಗುತ್ತಿದ್ದನೆಂದು ಕೇಳಿದೆ.