ಅಕ್ಷರದ ನೆತ್ತಿಯ ಗೆರೆ

ಸಮೋವಾ ದೇಶದ ಸವಾಯಿʼಇ ದ್ವೀಪದ ಸಲೆಪೂನಾ ಎಂಬ ಊರಿನ ಫುವಾತಿನೋ ವರ್ಷಗಟ್ಟಲೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದಿದವಳು. ಯಾರ ಮನೆಯಲ್ಲಿ ಯಾರು ತೀರಿಕೊಂಡರು, ಯಾವತ್ತು ಮಣ್ಣು, ಯಾವ ಯಾವ ಬಳಗದವರು ಬರಬೇಕು ಎಂಬುದನ್ನು ಅವಳ ದನಿಯಲ್ಲಿ ಕೇಳಿದ ಮೇಲೆಯೇ ಜನ ಸಾವಿನ ಮನೆಗೆ ಕಾಣಿಕೆಯ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಆಮೇಲೆ ರೇಡಿಯೋದವರು ಆ ಕಾರ್ಯಕ್ರಮ ನಿಲ್ಲಿಸಿದರು. ಪ್ರತಿ ಮನೆಯ ಅರ್ಧ ಜನ ಆಕ್ಲೆಂಡ್, ಸಿಡ್ನಿ ಎಂದು ಸಮುದ್ರದಾಚೆ ಇರುವಾಗ ಊರಿಗೊಂದು ವೆಬ್‌ಸೈಟ್ ಇದ್ದರೆ ಒಳ್ಳೆಯದೆಂದು ಊರ ಯಜಮಾನರು ತೀರ್ಮಾನಿಸಿದರು. ಸುದ್ದಿ ಬರೆದು ಹಾಕುವ ಕೆಲಸ ಫುವಾತಿನೋಳ ಪಾಲಿಗೆ ಬಂತು.

ಅವಳು ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದಳು. ಆದರೆ ಬರೆದದ್ದು ಅಚ್ಚುಕಟ್ಟು. ಸಮೋವನ್ ಬರವಣಿಗೆಯಲ್ಲಿ ದೀರ್ಘವೆಂದರೆ ಅಕ್ಷರದ ನೆತ್ತಿಯ ಮೇಲೊಂದು ಸಣ್ಣ ಗೆರೆ; ಗಂಟಲಲ್ಲಿ ಉಸಿರು ತಡೆದು ನುಡಿಯುವ ಕಡೆ ಒಂದು ಪುಟ್ಟ ಕೊಕ್ಕೆ. ಮೊಬೈಲಿನಲ್ಲಿ ಇವನ್ನು ಹಾಕುವ ತಾಳ್ಮೆ ಯಾರಿಗೂ ಇರಲಿಲ್ಲ. ಫುವಾತಿನೋ ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ.

"ಅರ್ಧ ದಿನ ಬರೀ ಗೆರೆ ಎಳೆಯೋದ್ರಲ್ಲೇ ಕಳೀತೀಯಲ್ಲೇ," ಎಂದು ಗಂಡ ಲೆಮೂಸು ಕೆಣಕುತ್ತಿದ್ದ.

"ನೀನು ಕೆಸುವಿನ ಗೆಡ್ಡೆ ಕಿತ್ತು ಮಣ್ಣು ಒರೆಸದೇ ತರ್ತೀಯಾ? ನಂದೂ ಹಂಗೇ," ಎನ್ನುತ್ತಿದ್ದಳು.

ಬೀದಿಯ ಕೊನೆಯ ಮನೆಯ ಲೂಸಿಯಾಳ ಅಪ್ಪ ಸೆಮೀಸಿ ತೀರಿಕೊಂಡಾಗಲೂ ಅವಳು ಹಾಗೆಯೇ ಬರೆದಳು: ಲೂಸಿಯಾಳ 'ತಮಾ' ಸೆಮೀಸಿ ನಮ್ಮನ್ನು ಅಗಲಿದ್ದಾರೆ. ತಮಾ ಎಂದರೆ ಅಪ್ಪ. ಗುಂಡಿ ಒತ್ತಿ ಸುದ್ದಿ ಹಾಕಿ, ಸಾವಿನ ಮನೆಗೆ ಕೋಕೋ ಕಾಯಿಸಲು ಹೊರಟಳು.

ಮಧ್ಯಾಹ್ನ ಅವಳ ಫೋನು ಹೊಡೆದುಕೊಂಡಿತು. ನ್ಯೂಜಿಲೆಂಡಿನ ಸೇಬಿನ ತೋಟಕ್ಕೆ ಸುಗ್ಗಿ ಕೆಲಸಕ್ಕೆ ಹೋಗಿದ್ದ ಲೂಸಿಯಾಳ ಗಂಡ ತವೀತ. ಮೊದಲಿಗೆ ಬರೀ ಬಿಕ್ಕುವುದು ಕೇಳಿಸಿತು.

"ಅಕ್ಕಾ, ಲೂಸಿಯಾ ಫೋನ್ ತೆಗೀತಿಲ್ಲ. ನೀನಾದ್ರೂ ಹೇಳು. ನನ್ನ ಮಗ ಹೆಂಗೆ ಹೋದ?"

"ಯಾವ ಮಗ? ಏನು ಹೇಳ್ತಿದೀಯ ತವೀತ?"

"ನೀನೇ ಹಾಕಿದೀಯಲ್ಲ ಅಕ್ಕಾ. ಲೂಸಿಯಾಳ ಹುಡುಗ ಸೆಮೀಸಿ ಅಂತ."

ಲೂಸಿಯಾಳ ಮಗನಿಗೂ ಅಜ್ಜನ ಹೆಸರೇ. ಅಂಗಳದಾಚೆ ಆ ಹುಡುಗ ಅಡುಗೆಗೆಂದು ನೆಲದೊಲೆಯ ಕಲ್ಲು ಕಾಯಿಸುವವರ ಹತ್ತಿರ ಸೌದೆ ಎತ್ತಿಹಾಕುತ್ತಿದ್ದ. ಅವಳು ಓಡಿಹೋಗಿ ಅವನ ಕಿವಿಗೆ ಫೋನು ಒತ್ತಿದಳು.

"ಅಪ್ಪಾ? ಅಜ್ಜ ಸತ್ತೋದ ಅಪ್ಪಾ. ನೀನು ಯಾವಾಗ ಬರ್ತೀಯ?"

ಆ ಕಡೆ ತವೀತ ಎಷ್ಟು ಹೊತ್ತು ಅತ್ತನೆಂದರೆ, ಹುಡುಗ ಹೆದರಿ ಫೋನನ್ನು ಫುವಾತಿನೋಳಿಗೇ ಹಿಂದಿರುಗಿಸಿದ.

ಮನೆಗೆ ಬಂದು ಅವಳು ಮೊದಲ ಸಲ ಜನ ಓದುವ ಪುಟವನ್ನು ತೆರೆದು ನೋಡಿದಳು. ಬರೆಯುವ ಚೌಕದಲ್ಲಿ ಗೆರೆ ನೆಟ್ಟಗೆ ಕೂತಿತ್ತು. ಪುಟದಲ್ಲಿ ಇರಲಿಲ್ಲ. ಗೆರೆಯಿಲ್ಲದೆ 'ತಮಾ' ಬರೀ 'ತಮ' ಆಗಿತ್ತು. ಅಪ್ಪ ಹೋಗಿ ಹುಡುಗನಾಗಿದ್ದ. ಮತ್ತೆ ಬರೆದು ಗುಂಡಿ ಒತ್ತಿದಳು. ಮತ್ತೆ ಮಾಯ. ತಪ್ಪಿದೆ ಎಂದಾಗಲಿ, ಅಳಿಸಿದ್ದೇನೆ ಎಂದಾಗಲಿ ಆ ಯಂತ್ರ ಒಂದು ಮಾತೂ ಹೇಳಲಿಲ್ಲ. ಹಿಂದಿನ ಸುದ್ದಿಗಳನ್ನೆಲ್ಲ ತೆಗೆದಳು. ಸತ್ತವರ ಹೆಸರುಗಳೆಲ್ಲ ತಲೆ ಬೋಳಿಸಿಕೊಂಡು ನಿಂತಿದ್ದವು.

ಮಣ್ಣು ಮುಗಿದ ಮಾರನೆಯ ಬೆಳಗ್ಗೆ ಫುವಾತಿನೋ ತನ್ನ ಅಮ್ಮ ನೇಯ್ದಿದ್ದ ನುಣುಪು ಚಾಪೆಯನ್ನು ತಲೆಯ ಮೇಲೆ ಹೊದ್ದು ಲೂಸಿಯಾಳ ಮನೆಯೆದುರು ಕಲ್ಲುನೆಲದ ಮೇಲೆ ಕೂತಳು. ದೊಡ್ಡ ತಪ್ಪಿಗೆ ಕ್ಷಮೆ ಬೇಡುವವರು ಕೂರುವಂತೆ. ಮನೆಯವರು ಬಂದು ಚಾಪೆ ಎತ್ತುವವರೆಗೆ ಏಳುವಂತಿಲ್ಲ. ಬಿಸಿಲೇರಿತು. ಹಾದುಹೋಗುವವರು ದನಿ ತಗ್ಗಿಸಿದರು.

ಲೂಸಿಯಾ ಹೊರಗೆ ಬಂದಳು. ಅತ್ತತ್ತು ಮುಖ ಊದಿತ್ತು. ಚಾಪೆಯನ್ನು ಮೆಲ್ಲಗೆ ಎತ್ತಿದಳು.

"ಏಳಕ್ಕ. ಮಂಡಿ ನೋವು ಅಂತ ಚರ್ಚಲ್ಲೂ ಬೆಂಚ್ ಕೇಳ್ತೀಯ, ಇಲ್ಲಿ ಕಲ್ಲಿನ ಮೇಲೆ ಕೂತಿದೀಯ. ನೀನು ಬೇಕಂತ ಮಾಡಿದ್ಯಾ?"

"ನನ್ನ ಕೈಯಿಂದ ಹೋಗಿದ್ದು ಲೂಸಿಯಾ. ಹಾಕಿದ್ಮೇಲೆ ಒಂದ್ಸಲ ನೋಡ್ಬೇಕಿತ್ತು."

"ಹಂಗಾದ್ರೆ ಹೋಗಿ ಸರಿ ಮಾಡ್ಸು. ಇಲ್ಲಿ ಕೂತು ಏನಾಗ್ಬೇಕು?"

ಫುವಾತಿನೋ ಹಡಗು ಹತ್ತಿ ರಾಜಧಾನಿ ಅಪಿಯಾಕ್ಕೆ ಹೋದಳು. ವೆಬ್‌ಸೈಟ್ ಮಾಡಿಕೊಟ್ಟವರದು ಅಂಗಡಿ ಸಾಲಿನ ಮಹಡಿಯ ಮೇಲೊಂದು ಚಿಕ್ಕ ಕಚೇರಿ. ಅಲ್ಲಿದ್ದ ಎತೆವಾಟಿ ಎಂಬವನು ಎದ್ದು ಅವಳಿಗೆ ಕುರ್ಚಿ ಕೊಟ್ಟ. ಕೆಟ್ಟವನೇನಲ್ಲ.

"ಬರೆದದ್ದನ್ನ ಪುಟಕ್ಕೆ ಹಾಕೋ ಭಾಗ ನಾವು ಮಾಡಿದ್ದಲ್ಲಮ್ಮ, ಹೊರಗಿನ ಕಂಪನಿಯಿಂದ ತರಿಸಿದ್ದು. ಗೊತ್ತಿಲ್ಲದ ಗುರುತು ಬಂದ್ರೆ ಕಸ ಅಂತ ತೆಗೆದುಬಿಡತ್ತೆ."

"ಅದನ್ನ ಕಸ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅದೂ ಅಕ್ಷರನೇ ಅಂತಾನೂ ಯಾರೂ ಹೇಳಿಲ್ಲ, ಅಷ್ಟೆ."

"ಈಗ ನಾನು ಹೇಳ್ತಿದೀನಲ್ಲ."

ಎತೆವಾಟಿ ನಕ್ಕ. "ನಾವ್ಯಾರೂ ಗೆರೆ ಹಾಕಲ್ಲಮ್ಮ. ಹೆಂಗೋ ಅರ್ಥ ಆಗತ್ತೆ."

ಫುವಾತಿನೋ ತವೀತನ ಕತೆ ಹೇಳಿದಳು. ಸೇಬು ಕೀಳುವ ಏಣಿಯ ಬುಡದಲ್ಲಿ ಕೂತು ಅವನು ಅತ್ತದ್ದು, ಜೊತೆಯವರು ಕೆಲಸ ನಿಲ್ಲಿಸಿ ಅವನಿಗಾಗಿ ಪ್ರಾರ್ಥನೆ ಮಾಡಿದ್ದು ಎಲ್ಲ. ಎತೆವಾಟಿಯ ನಗು ನಿಂತಿತು. ಅವನಿಗೂ ಮಕ್ಕಳಿದ್ದರು. ಹೊರಗಿನವರಿಗೆ ಬರೆಯುತ್ತೇನೆ ಎಂದು ಮಾತು ಕೊಟ್ಟ.

ವಾರಗಳು ಕಳೆದರೂ ಏನೂ ಬದಲಾಗಲಿಲ್ಲ. ಆಗ ಫುವಾತಿನೋ ಸುದ್ದಿ ಬರೆಯುವುದನ್ನೇ ನಿಲ್ಲಿಸಿದಳು. ಸತ್ತವರ ಫೋಟೋ ಹಾಕಿ, ಅದರ ಕೆಳಗೆ ಫೋನಿನಲ್ಲಿ ತಾನೇ ಮಾತಾಡಿದ ಸುದ್ದಿಯನ್ನು ಸೇರಿಸತೊಡಗಿದಳು. ಯಜಮಾನರಲ್ಲಿ ಹಿರಿಯನಾದ ತುಯಿಲೋಮ ಸಿಟ್ಟಾದ.

"ನಿನ್ನ ಇಟ್ಕೊಂಡಿದ್ದು ಬರೆಯೋದಕ್ಕೆ. ರೇಡಿಯೋ ನಡೆಸೋದಕ್ಕಲ್ಲ."

"ಗೆರೆ ಪುಟದಲ್ಲಿ ಉಳಿದ ದಿನ ಬರೀತೀನಿ ಯಜಮಾನ್ರೇ. ಅಲ್ಲೀವರೆಗೆ ಬೇರೆಯವರು ಬರೀಲಿ. ನಾಳೆ ಯಾರ ಮನೇಲಿ ಯಾರು ಸತ್ತರು ಅಂತ ತಪ್ಪು ತಿಳಿದ್ರೆ ಚಾಪೆ ಹೊದ್ದು ಕೂರೋರೂ ಅವರೇ."

ತುಯಿಲೋಮ ಬೇರೆಯವರನ್ನು ಹುಡುಕಿದ. ಒಬ್ಬರೂ ಒಪ್ಪಲಿಲ್ಲ.

ಶನಿವಾರಗಳಂದು ಅವಳು ಬಸ್ಸು ಹತ್ತಿ ಅಕ್ಕಪಕ್ಕದ ಊರುಗಳಿಗೆ ಹೋದಳು. ಅದೇ ಕಚೇರಿಯಿಂದ ವೆಬ್‌ಸೈಟ್ ಮಾಡಿಸಿಕೊಂಡ ಊರುಗಳು ಇನ್ನೂ ಇದ್ದವು. ಮಹಿಳಾ ಸಮಿತಿಯವರು ಚಾಪೆ ನೇಯುತ್ತ ಕೂತಲ್ಲಿಗೆ ಹೋಗಿ ಅವರದೇ ಪುಟ ತೆರೆದು ಅವರವರ ಅಮ್ಮಂದಿರ ಹೆಸರು ತೋರಿಸುತ್ತಿದ್ದಳು. ಕೆಲವರು ಇದೇನು ಮಹಾ ಎಂದರು. ಒಬ್ಬಾಕೆ ಮಾತ್ರ ಹೆಸರನ್ನು ಪುಟದಲ್ಲಿದ್ದಂತೆಯೇ ಗಟ್ಟಿಯಾಗಿ ಓದಿ, ಕೈಲಿದ್ದ ಗರಿ ಕೆಳಗಿಟ್ಟು, "ಇವಳ್ಯಾರು? ಇದು ನಮ್ಮಮ್ಮ ಅಲ್ಲ," ಎಂದಳು. ಆ ಊರಿನಿಂದ ಕಚೇರಿಗೆ ಹೋದಷ್ಟು ಫೋನು ಬೇರೆ ಯಾವ ಊರಿನಿಂದಲೂ ಹೋಗಲಿಲ್ಲ.

ಕೊನೆಗೆ ಎತೆವಾಟಿಯೇ ಫೋನು ಮಾಡಿದ. "ಹೊರಗಿನವರು ಉತ್ತರ ಕೊಡಲಿಲ್ಲಮ್ಮ. ಅವರದ್ದು ಕಿತ್ತುಹಾಕಿ ಬೇರೆ ಹಾಕಿದೀವಿ. ಒಂದ್ಸಲ ನೋಡಿ. ಆ ಫೋನುಗಳನ್ನೂ ಸ್ವಲ್ಪ ನಿಲ್ಲಿಸೋಕೆ ಹೇಳಿ."

ಅವಳು ಲೂಸಿಯಾಳ ಅಪ್ಪನ ಸುದ್ದಿಯನ್ನು ತೆರೆದು ಗೆರೆ ಎಳೆದಳು, ಗುಂಡಿ ಒತ್ತಿದಳು, ಪುಟಕ್ಕೆ ಹೋಗಿ ನೋಡಿದಳು. ಗೆರೆ ಅಲ್ಲೇ ಇತ್ತು. ಪುಟ ಮುಚ್ಚಿ, ತೆರೆದು, ಗಂಡನ ಫೋನಿನಲ್ಲೂ ನೋಡಿದಳು. ಆಮೇಲೆ ಹಳೆಯ ಸುದ್ದಿಗಳಿಗೆ ಕೈಹಾಕಿದಳು. ಪ್ರತಿ ಹೆಸರನ್ನೂ ಬಾಯಲ್ಲಿ ನುಡಿದು, ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂದು ಕೇಳಿಸಿಕೊಂಡು ಸರಿಮಾಡಿದಳು. ಅನುಮಾನ ಬಂದರೆ ಆ ಮನೆಗೇ ಹೋಗಿ ಕೇಳಿದಳು. ಎಷ್ಟೋ ಮನೆಯವರಿಗೆ ಗೆರೆ ಹೋದದ್ದೂ ಗೊತ್ತಿರಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ.

"ಅಂತೂ ಮುಗೀತಲ್ಲ," ಎಂದ ಲೆಮೂಸು, ಕೊನೆಯ ಹೆಸರು ಸರಿಯಾದ ದಿನ. "ಇನ್ನಾದ್ರೂ ಒಂದು ಹೊತ್ತು ಕೂತ್ಕೋ."

ಫುವಾತಿನೋ ಚಪ್ಪಲಿ ಮೆಟ್ಟುತ್ತಿದ್ದಳು. "ಪಾದ್ರಿಗಳು ಚರ್ಚಿನ ಹಾಡುಗಳನ್ನ ವೆಬ್‌ಸೈಟಿಗೆ ಹಾಕ್ಸಿದಾರಂತೆ. ಗೆರೆ ಉಳಿದಿದಾವಾ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ."