ಅಮ್ಮನ ಸೋಬಾನೆ ಇದ್ದ ಟ್ರ್ಯಾಕು

ಕುರುಬರಹಳ್ಳಿಯಲ್ಲಿ ಹೂವಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕಾಂತರಾಜುವಿನ ಸ್ಟುಡಿಯೋ ಇದೆ. ಆ ಸುತ್ತಿನಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ನಡೆದ ಮದುವೆಗಳಲ್ಲಿ ಬಹುಪಾಲು ಅವನ ಕ್ಯಾಮೆರಾದ ಮುಂದೆಯೇ ನಡೆದಿವೆ. ಅವೇ ಮದುವೆಗಳಲ್ಲಿ ಹಸೆಮಣೆಯ ಪಕ್ಕದಲ್ಲಿ ಕೂತು ಸೋಬಾನೆ ಹಾಡುತ್ತಿದ್ದವಳು ಅವನ ತಾಯಿ ಮುನಿಲಕ್ಷ್ಮಮ್ಮ.

ಮುನಿಲಕ್ಷ್ಮಮ್ಮ ಹಾಡು ಕಲಿತದ್ದು ನಾಟಿ ಗದ್ದೆಯಲ್ಲಿ, ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ. ಗದ್ದೆಗಳು ಸೈಟುಗಳಾದವು, ಜೊತೆಯಲ್ಲಿ ಹಾಡುತ್ತಿದ್ದವರು ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಉಳಿದದ್ದು ಅವಳು ಮತ್ತು ಅವಳು ಹೇಳಿದ್ದನ್ನು ಹಿಂದಿನಿಂದ ಹೇಳುವ ಗೆಳತಿ ಗಂಗಲಕ್ಷ್ಮಮ್ಮ. ಹೆಣ್ಣನ್ನು ಹಸೆಗೆ ಕರೆಯುವಾಗ ಮುನಿಲಕ್ಷ್ಮಮ್ಮ ಆ ಹೆಣ್ಣಿನ ಹೆಸರು, ಅವಳ ಅಜ್ಜಿಯ ಹೆಸರು, ತಾಯಿಯ ತವರೂರು ಎಲ್ಲವನ್ನೂ ಪದದೊಳಗೆ ಸೇರಿಸುತ್ತಿದ್ದಳು. ಹಾಗಾಗಿ ಒಂದು ಮನೆಯಲ್ಲಿ ಹಾಡಿದ್ದು ಇನ್ನೊಂದು ಮನೆಯಲ್ಲಿ ಹಾಗೆಯೇ ಬರುತ್ತಿರಲಿಲ್ಲ. ತೀರಿಕೊಂಡ ಅಜ್ಜಿಯ ಹೆಸರು ಹಾಡಿನಲ್ಲಿ ಬಂದಾಗ ಹೆಣ್ಣಿನ ಕಡೆಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ಹೊತ್ತಿಗೆ ಕಾಂತರಾಜು ಲೈಟು ಹಿಡಿಸಿಕೊಂಡು ಅವರ ಮುಖದ ಹತ್ತಿರಕ್ಕೆ ಹೋಗುತ್ತಿದ್ದ. ಅಳುವ ಮುಖ ವಿಡಿಯೋದಲ್ಲಿ ಚೆನ್ನಾಗಿ ಬರುತ್ತದೆ ಎಂಬುದು ಅವನಿಗೆ ಬೇಗನೇ ಗೊತ್ತಾಗಿತ್ತು.

ಕಾಂತರಾಜು ಬರೀ ಕ್ಯಾಮೆರಾ ಹಿಡಿದು ಬೆಳೆದವನಲ್ಲ. ಪಿಯುಸಿ ಆದ ಮೇಲೆ ರಾಜಾಜಿನಗರದ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿ ಮಲ್ಟಿಮೀಡಿಯಾ ಕಲಿತಿದ್ದ. ಅಲ್ಲಿ ಪಾಠ ಹೇಳುತ್ತಿದ್ದ ಅಮರೇಶ ಸರ್ ರಾಯಚೂರಿನ ಕಡೆಯವರು, ತಾಳ್ಮೆಯ ಮನುಷ್ಯ. ಮಲ್ಟಿಮೀಡಿಯಾ ಅಂದರೆ ಅಕ್ಷರ, ಚಿತ್ರ, ಧ್ವನಿ, ಅನಿಮೇಷನ್, ವಿಡಿಯೋ, ಇವಿಷ್ಟೇ; ಇಟ್ಟಿಗೆ ಗಾರೆ ಗೊತ್ತಿದ್ದರೆ ಎಂಥ ಮನೆಯನ್ನಾದರೂ ಕಟ್ಟಬಹುದು ಅನ್ನುತ್ತಿದ್ದರು. ಒಂದೊಂದನ್ನೂ ಯಾವ ಫೈಲಿನಲ್ಲಿ ಇಡಬೇಕು ಎಂಬುದನ್ನು ಅವರು ತೋರಿಸಿಯೇ ಹೇಳಿಕೊಡುತ್ತಿದ್ದರು. ಒಂದೇ ಫೋಟೋವನ್ನು ಜೆಪೆಗ್ ಆಗಿ ತೆರೆದು, ಸೇವ್ ಮಾಡಿ, ಮತ್ತೆ ತೆರೆದು, ಮತ್ತೆ ಸೇವ್ ಮಾಡಿ, ಕೊನೆಗೆ ಆ ಫೋಟೋದ ಕೆನ್ನೆಯ ಮೇಲೆ ಚೌಕಚೌಕದ ಕಲೆ ಎದ್ದದ್ದನ್ನು ತೋರಿಸಿದ್ದರು. ವೇವ್ ಫೈಲಿನಲ್ಲಿ ಮೈಕು ಕೇಳಿಸಿಕೊಂಡದ್ದೆಲ್ಲ ಇರುತ್ತದೆ, ಎಂಪಿತ್ರೀ ಮಾಡಿದರೆ ಕಂಪ್ಯೂಟರು ತನಗೆ ಬೇಡ ಅನ್ನಿಸಿದ್ದನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುತ್ತದೆ, ಬಿಟ್ಟದ್ದು ಮತ್ತೆ ಬರುವುದಿಲ್ಲ ಎಂದೂ ಹೇಳಿದ್ದರು.

ಆ ಮಾತು ಹೇಳಿದ ದಿನ ಕಾಂತರಾಜು ಕ್ಲಾಸಿನಲ್ಲಿರಲಿಲ್ಲ. ಧ್ವನಿಯ ಪಾಠ ಅವನಿಗೆ ಬೋರು. ಚಿತ್ರ ಮತ್ತು ಅನಿಮೇಷನ್ ಅಂದರೆ ಪ್ರಾಣ. ಗಂಡು ಹೆಣ್ಣಿನ ಹೆಸರು ಎರಡು ಕಡೆಯಿಂದ ಹಾರಿ ಬಂದು ಹೃದಯದೊಳಗೆ ಕೂರುವುದನ್ನು ಆ ಭಾಗದಲ್ಲಿ ಮೊದಲು ಮಾಡಿದವನು ತಾನೇ ಎಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ.

ಮದುವೆ ಸಿಡಿಗಳ ಕಾಲ ಬಂತು. ಛತ್ರದಲ್ಲಿ ತೆಗೆದ ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿದರೆ ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ: ಮೇಲಿನದು ಚಿತ್ರದ್ದು, ಕೆಳಗಿನದು ಧ್ವನಿಯದು. ಕೆಳಗಿನ ಟ್ರ್ಯಾಕಿನಲ್ಲಿ ಮಕ್ಕಳ ಅಳು, ಪಾತ್ರೆಯ ಸದ್ದು, ಯಾರೋ ಯಾರನ್ನೋ ಕೂಗುವುದು, ಎಲ್ಲದರ ನಡುವೆ ಸೋಬಾನೆ. ಗಿರಾಕಿಗಳು ಕೇಳುತ್ತಿದ್ದದ್ದು ಸಿನಿಮಾ ಹಾಡು. ಕಾಂತರಾಜು ಎರಡೂ ಪಟ್ಟಿಗಳ ಕೊಂಡಿ ಬಿಡಿಸಿ, ಕೆಳಗಿನದನ್ನು ಅಳಿಸಿ, ಆ ಜಾಗಕ್ಕೆ ಹಾಡು ಹಾಕುತ್ತಿದ್ದ. ಕೈ ಎಷ್ಟು ಪಳಗಿತ್ತೆಂದರೆ ಅಳಿಸುವ ಮುಂಚೆ ಒಮ್ಮೆ ಕೇಳಿಸಿಕೊಳ್ಳುವ ಗೋಜಿಗೂ ಹೋಗುತ್ತಿರಲಿಲ್ಲ. ಸಿಡಿ ಕೊಟ್ಟ ಮೇಲೆ ಕ್ಯಾಮೆರಾದ ಅದೇ ಟೇಪಿನ ಮೇಲೆ ಮುಂದಿನ ಮದುವೆ. ಆಮೇಲೆ ಟೇಪು ಹೋಗಿ ಹಾರ್ಡ್ ಡಿಸ್ಕ್ ಬಂದರೂ ಪದ್ಧತಿ ಮಾತ್ರ ಅದೇ ಉಳಿಯಿತು: ಮುಗಿಸಿದ ವಿಡಿಯೋ ಇಟ್ಟುಕೊಂಡು ಮೂಲದ್ದನ್ನು ಅಳಿಸುವುದು.

ಒಮ್ಮೆ ಮನೆಯಲ್ಲಿ ಯಾವುದೋ ಮದುವೆಯ ಸಿಡಿ ನೋಡುತ್ತಿದ್ದಾಗ ಮುನಿಲಕ್ಷ್ಮಮ್ಮ ಕೇಳಿದ್ದಳು.

"ನಾನ್ ಹೇಳಿದ್ ಪದ ಎಲ್ಲೋಯ್ತಪ್ಪ?"

"ಗಲಾಟೆ ಜಾಸ್ತಿ ಇತ್ತಮ್ಮ. ಪಾರ್ಟಿಯವ್ರು ಸಿನಿಮಾ ಹಾಡೇ ಬೇಕು ಅಂದ್ರು."

"ಹೂಂ, ಇದೂ ಚೆನ್ನಾಗೇ ಇದೆ ಬಿಡು," ಅಂದು ಅವಳು ತನ್ನ ಸೀರೆ ಹೇಗೆ ಕಂಡಿದೆ ಎಂದು ನೋಡತೊಡಗಿದಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಅವಳ ದನಿ ಒಡೆಯಿತು. ಶೀತ ಅಂದುಕೊಂಡರು, ಕಷಾಯ ಕುಡಿದಳು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದಳು. ತಿಂಗಳುಗಟ್ಟಲೆ ಆದ ಮೇಲೆ ದೊಡ್ಡಾಸ್ಪತ್ರೆಗೆ ಹೋದರೆ ಗಂಟಲಿನಲ್ಲಿ ಕ್ಯಾನ್ಸರ್ ಅಂದರು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಧ್ವನಿಪೆಟ್ಟಿಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು.

ಆಪರೇಷನ್ನಿಗೆ ಮುಂಚಿನ ವಾರ ಕಾಂತರಾಜುವಿನ ಹೆಂಡತಿ ದಿವ್ಯ ಅಂದಳು, "ರೀ, ಅತ್ತೆ ಕೈಲಿ ಒಂದ್ ನಾಕು ಪದ ಹಾಡಿಸಿ ರೆಕಾರ್ಡ್ ಮಾಡ್ಕೊಳ್ಳಿ."

"ಈ ಒಡಕು ದನೀಲಿ ಯಾಕೆ? ಚೆನ್ನಾಗಿದ್ದಾಗ ಹಾಡಿರೋದೇ ನನ್ ಹತ್ರ ಬೇಕಾದಷ್ಟಿದೆ. ಎಷ್ಟು ಮದುವೆ ಮಾಡಿದೀನಿ," ಅಂದ ಕಾಂತರಾಜು. ಆಮೇಲೆ ತಾಯಿಯ ಕಡೆ ತಿರುಗಿ, "ನೀನು ಆರಾಮಾಗಿ ಬಾಮ್ಮ. ಮನೆಗೆ ಬಂದ್ಮೇಲೆ ಎಲ್ಲಾ ಕೇಳಿಸ್ತೀನಿ," ಅಂದ.

ಅವನು ಸುಳ್ಳು ಹೇಳಲಿಲ್ಲ. ತಾಯಿ ಹಾಡುತ್ತಿದ್ದ ಎಷ್ಟೋ ದೃಶ್ಯಗಳು ಅವನ ಕಣ್ಣ ಮುಂದೆಯೇ ಇದ್ದವು. ತಾನೇ ಮಾಡಿದ ಕೆಲಸ ಆ ಕ್ಷಣ ಅವನ ತಲೆಗೇ ಹೊಳೆಯಲಿಲ್ಲ, ಅಷ್ಟೆ. ಮುನಿಲಕ್ಷ್ಮಮ್ಮನಿಗೆ ಆ ಮಾತಿನಿಂದ ದೊಡ್ಡ ಧೈರ್ಯ ಬಂತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಗೊಗ್ಗರು ದನಿಯಲ್ಲೇ ಹೇಳಿದಳು: "ನನ್ ದನಿ ನನ್ ಮಗನತ್ರ ಐತೆ."

ಮನೆಗೆ ಬಂದ ಮೇಲೆ, ಕತ್ತಿನ ಪಟ್ಟಿ ಬಿಚ್ಚಿ ಗಾಯ ಒಣಗಿದ ಮೇಲೆ, ಅವಳು ಮಗನ ತೋಳು ತಟ್ಟಿ ಟೀವಿಯ ಕಡೆ ಬೆರಳು ಮಾಡಿ ತೋರಿಸಿದಳು. ಕಿವಿ ಮುಟ್ಟಿಕೊಂಡಳು. ಕಾಂತರಾಜು ಹಾರ್ಡ್ ಡಿಸ್ಕ್ ತಂದು ಚುಚ್ಚಿದ. ಗಂಗಲಕ್ಷ್ಮಮ್ಮನೂ ಬಂದು ಸೋಫಾದ ಮೇಲೆ ಕೂತಿದ್ದಳು.

ಮೊದಲ ವಿಡಿಯೋದಲ್ಲಿ ಮುನಿಲಕ್ಷ್ಮಮ್ಮ ಹಸೆಯ ಪಕ್ಕ ಕೂತು ಬಾಯಿ ತೆರೆದಳು. ಕೇಳಿಸಿದ್ದು ಗಿಟಾರು, ಹಿಂದೆಯೇ ಒಬ್ಬ ಗಂಡಸಿನ ಪ್ರೇಮಗೀತೆ. ಕಾಂತರಾಜು ಗಾಬರಿಯಿಂದ ಇನ್ನೊಂದನ್ನು ತೆರೆದ. ಅದರಲ್ಲಿ ನಾದಸ್ವರ. ಮತ್ತೊಂದರಲ್ಲಿ ಆ ವರ್ಷ ಎಲ್ಲ ಆಟೋಗಳಲ್ಲೂ ಕೇಳುತ್ತಿದ್ದ ಸಿನಿಮಾ ಹಾಡು. ಒಂದೊಂದರಲ್ಲೂ ಅವನ ತಾಯಿ ಒಂದೊಂದು ಸೀರೆಯುಟ್ಟು, ವರ್ಷದಿಂದ ವರ್ಷಕ್ಕೆ ಕೂದಲು ನರೆಯುತ್ತ, ಬೇರೆ ಯಾರದೋ ದನಿಗೆ ತುಟಿ ಆಡಿಸುತ್ತಿದ್ದಳು.

"ಸೌಂಡ್ ಬೇರೆ ಕಡೆ ಇರ್ಬೇಕು," ಅಂದ ಅವನು. ದಿವ್ಯ ರಿಮೋಟು ತೆಗೆದುಕೊಂಡು ಟೀವಿ ಆರಿಸಿದಳು. ಮುನಿಲಕ್ಷ್ಮಮ್ಮ ಎದ್ದು ಒಳಗೆ ಹೋಗಿ ಕೊತ್ತಂಬರಿ ಬಿಡಿಸತೊಡಗಿದಳು. ಅವಳಿಗೆ ಕೋಪ ಬಂದಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು. ಬೈಯಲು ಅವಳಿಗೆ ದನಿಯಿಲ್ಲ ಎಂಬುದು ಮರುಕ್ಷಣ ಹೊಳೆದು, ಸ್ಟುಡಿಯೋಗೆ ಹೋಗಿ ಬಾಗಿಲು ಹಾಕಿಕೊಂಡ.

ಆಮೇಲೆ ಅವನು ಹುಡುಕದ ಜಾಗವಿಲ್ಲ. ಅಳಿಸಿದ ಫೈಲು ಮೇಲೆತ್ತುವ ಸಾಫ್ಟ್‌ವೇರ್ ಹಾಕಿದ. ಅದೇ ಜಾಗದಲ್ಲಿ ಎಷ್ಟೋ ಸಲ ಬೇರೆ ಬೇರೆ ಮದುವೆಗಳು ಕೂತಿದ್ದರಿಂದ ಅದಕ್ಕೆ ಸಿಕ್ಕಿದ್ದು ತೆರೆಯಲಾಗದ ಚೂರುಗಳು. ಹಳೆಯ ಮೊಬೈಲುಗಳನ್ನು ಜಾಲಾಡಿದ. ಕೊನೆಗೆ ಗಿರಾಕಿಗಳ ಮನೆಗೇ ಹೊರಟ. ವಿಜಯನಗರ, ಬಿನ್ನಿಪೇಟೆ, ಕೆಂಗೇರಿ ಎಲ್ಲ ಸುತ್ತಿದ. ಎಲ್ಲರ ಮನೆಯಲ್ಲೂ ಕಾಫಿ ಕೊಟ್ಟು, ಷೋಕೇಸಿನಿಂದ ತೆಗೆದು ಕೊಟ್ಟದ್ದು ಅವನೇ ಮಾಡಿದ ಸಿಡಿ.

ನಂದಿನಿ ಲೇಔಟಿನ ದೊಡ್ಡಹನುಮಯ್ಯ ಮಾತ್ರ ಬೇರೆ ಥರದ ಮನುಷ್ಯ. ಕಾಂತರಾಜು ಕೋರ್ಸ್ ಮುಗಿಸಿದ ಹೊಸತರಲ್ಲಿ ಅವರ ಮಗಳ ಮದುವೆಯನ್ನು ವಿಎಚ್‌ಎಸ್ ಕ್ಯಾಮೆರಾದಲ್ಲಿ ತೆಗೆದುಕೊಟ್ಟಿದ್ದ. ಮನೆಯ ಹೆಣ್ಣುಮಕ್ಕಳ ಚಿತ್ರ ಸ್ಟುಡಿಯೋದಲ್ಲಿ ಬಿದ್ದಿರಬಾರದು ಎಂದು ಅವರು ಆಗ ಜಗಳವಾಡಿ ಮೂಲ ಕ್ಯಾಸೆಟ್ಟನ್ನೇ ಇಸಿದುಕೊಂಡಿದ್ದರು.

"ಆವತ್ತು ನನ್ ಮೇಲೆ ಉರ್ಕೊಂಡು ಹೋಗಿದ್ಯಲ್ಲಯ್ಯಾ," ಅನ್ನುತ್ತ ಮುದುಕ ಅಟ್ಟದಿಂದ ಕ್ಯಾಸೆಟ್ಟು ತೆಗೆಸಿಕೊಟ್ಟರು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು.

ಅದನ್ನು ಹಾಕಿ ನೋಡುವ ವಿಸಿಆರ್ ಕಾಂತರಾಜುವಿನ ಹತ್ತಿರ ಇರಲಿಲ್ಲ. ವಿಚಾರಿಸಿದಾಗ ಬಸವೇಶ್ವರನಗರದಲ್ಲಿರುವ ಅಮರೇಶ ಸರ್ ಮನೆಯಲ್ಲಿ ಒಂದಿದೆ ಎಂದು ತಿಳಿಯಿತು. ಸರ್ ಕೂದಲೆಲ್ಲ ಬೆಳ್ಳಗಾಗಿತ್ತು. ಕ್ಯಾಸೆಟ್ಟನ್ನು ಬಿಚ್ಚಿ ಟೇಪನ್ನು ಹತ್ತಿಯಿಂದ ಒರೆಸುತ್ತ ಅವರು ಎಲ್ಲ ಕೇಳಿಸಿಕೊಂಡರು.

"ಸೌಂಡಿನ ಕ್ಲಾಸಿಗೆ ನಾನು ಚಕ್ಕರ್ ಹೊಡೀತಿದ್ದೆ ಸಾರ್."

"ನೆನಪೈತಿ," ಅಂದರು ಸರ್. "ಪಾಠ ಕೇಳಿದ ಹುಡುಗರೂ ಅದನ್ನೇ ಮಾಡ್ಯಾರ ತಗೋ. ನಾನೂ ನಮ್ಮಪ್ಪನ ದನಿ ಹಿಡಿದಿಟ್ಟಿಲ್ಲ."

ಟೇಪು ತಿರುಗಿತು. ಚಿತ್ರ ಗೆರೆಗೆರೆಯಾಗಿ ಕುಣಿದರೂ ಧ್ವನಿ ಇತ್ತು. ಪಾತ್ರೆಯ ಸದ್ದು, ಗದ್ದಲ, ಅದರ ಒಳಗಿನಿಂದ ಎದ್ದು ಬಂದ ಅಮ್ಮನ ದನಿ. ಐವತ್ತು ದಾಟದ, ಗಟ್ಟಿಯಾದ, ಒಂದಿಷ್ಟೂ ಅಂಜಿಕೆಯಿಲ್ಲದ ದನಿ. ದೊಡ್ಡಹನುಮಯ್ಯನವರ ತಾಯಿಯ ಹೆಸರು ಹಾಡಿ, ಆಕೆಯ ತವರಿನ ಹೆಸರು ಎತ್ತುವ ಹೊತ್ತಿಗೆ ಕ್ಯಾಮೆರಾದ ಹಿಂದಿನಿಂದ, ಮೈಕಿಗೆ ತೀರ ಹತ್ತಿರದಿಂದ, ಒಬ್ಬ ಹುಡುಗ ಕೂಗಿದ.

"ಅಮ್ಮ, ಸಾಕು ನಿಲ್ಸು. ಫೋಟೋ ತೆಗೀಬೇಕು. ಎಲ್ರೂ ಈ ಕಡೆ ನೋಡಿ."

ಹಾಡು ಅರ್ಧಕ್ಕೆ ನಿಂತಿತು. ಆಮೇಲೆ ಟೇಪಿನಲ್ಲಿ ಊಟದ ಪಂಕ್ತಿ. ಕಾಂತರಾಜು ಟೇಪು ಮುಗಿಯುವತನಕ ಕೂತ. ಅವಳು ಮತ್ತೆ ಹಾಡಲಿಲ್ಲ.

ಸರ್ ಅದನ್ನು ಏನೂ ಕಳೆಯದಂತೆ ವೇವ್ ಫೈಲಾಗಿ ಮಾಡಿಕೊಟ್ಟರು. ಮನೆಯಲ್ಲಿ ಕೇಳಿದಾಗ ದಿವ್ಯ ಮೆಲ್ಲಗೆ, "ನೀವ್ ಕೂಗೋದಷ್ಟನ್ನ ಕಟ್ ಮಾಡ್ಬಿಡಿ," ಅಂದಳು. ಮಾಡುವುದು ಸುಲಭವಿತ್ತು. ಮುನಿಲಕ್ಷ್ಮಮ್ಮ ಮಾತ್ರ ಕೈ ಅಡ್ಡ ಆಡಿಸಿ ಬೇಡ ಅಂದಳು. ಮೊಬೈಲನ್ನು ಕಿವಿಗೆ ಹಿಡಿದು ಎರಡು ಮೂರು ಸಲ ಕೇಳಿದಳು. ಮಗನ ಕೂಗು ಬಂದಾಗಲೆಲ್ಲ ಅವಳ ಭುಜ ಕುಲುಕಿತು, ನಗುತ್ತಿದ್ದಳು. ಕಾಂತರಾಜುವಿಗೆ ನಗು ಬರಲಿಲ್ಲ. ಅವನು ಮಾತ್ರ ಆ ಫೈಲನ್ನು ಈವರೆಗೆ ಎರಡನೇ ಸಲ ಕೇಳಿಲ್ಲ.

ಈಗ ಅವನು ಮದುವೆಗಳಲ್ಲಿ ಧ್ವನಿಗೇ ಬೇರೆ ರೆಕಾರ್ಡರ್ ಇಡುತ್ತಾನೆ. ಆಲ್ಬಮ್ಮಿನ ಜೊತೆ ಕೊಡುವ ಪೆನ್‌ಡ್ರೈವಿನಲ್ಲಿ ಆ ಫೈಲನ್ನೂ ಹಾಕುತ್ತಾನೆ. ಸೋಬಾನೆ ಹಾಡುವವರು ಈಗ ಸಿಗುವುದೇ ಅಪರೂಪ, ಹೆಚ್ಚಾಗಿ ಡಿಜೆಯ ಸದ್ದೇ ತುಂಬಿರುತ್ತದೆ. ಆದರೂ ಅಳಿಸುವುದಿಲ್ಲ.

ಕಳೆದ ಶ್ರಾವಣದಲ್ಲಿ ಅವನು ಗಂಗಲಕ್ಷ್ಮಮ್ಮನನ್ನು ಮನೆಗೆ ಕರೆಸಿ, ಫ್ಯಾನು ಆರಿಸಿ, ಮೈಕು ಇಟ್ಟ. ಮುನಿಲಕ್ಷ್ಮಮ್ಮ ಎದುರು ಕೂತು ತೊಡೆಯ ಮೇಲೆ ತಾಳ ಹಾಕಿದಳು. ಗಂಗಲಕ್ಷ್ಮಮ್ಮ ಶುರು ಮಾಡಿ, ಒಂದು ನುಡಿ ಹೇಳಿ, ತಡವರಿಸಿದಳು.

"ನಾನ್ ಯಾವತ್ತೂ ಮುಂದೆ ಹೇಳ್ದೋಳಲ್ಲ ಕಣಪ್ಪ ಕಾಂತ. ಇವ್ಳು ಎತ್ಕೊಟ್ರೆ ಹಿಂದೆ ಹೇಳ್ತಿದ್ದೆ. ಮುಂದಿಂದು ಏನಾಯ್ತೇ?" ಅಂದು ಗೆಳತಿಯ ಕಡೆ ನೋಡಿದಳು.

ಮುನಿಲಕ್ಷ್ಮಮ್ಮನಿಗೆ ಮುಂದಿನದು ಗೊತ್ತಿತ್ತು. ಬರೆದು ತೋರಿಸಲು ಅವಳಿಗೆ ಅಕ್ಷರ ಬಾರದು. ಮುಂದಕ್ಕೆ ಬಾಗಿ, ಬಾಯಿ ಬಿಡಿಸಿ ಬಿಡಿಸಿ ತೋರಿಸಿದಳು, ಕೈಸನ್ನೆಯಲ್ಲಿ ಬಳೆ, ಹೂವು, ಬಾಗಿಲು ಅಂತ ಏನೇನೋ ಮಾಡಿದಳು. ಗಂಗಲಕ್ಷ್ಮಮ್ಮ ಒಂದೊಂದೇ ಊಹಿಸಿದಳು. ಕೆಲವು ಸಿಕ್ಕವು, ಹೆಚ್ಚಿನವು ಸಿಗಲಿಲ್ಲ. ಕೊನೆಗೆ ಇಬ್ಬರಿಗೂ ಸುಸ್ತಾಯಿತು.

"ಇವತ್ತಿಗೆ ಬಿಡಪ್ಪ, ಸೋಮವಾರ ಬತ್ತೀನಿ," ಅಂದಳು ಗಂಗಲಕ್ಷ್ಮಮ್ಮ.

ಕಾಂತರಾಜು ರೆಕಾರ್ಡರ್ ನಿಲ್ಲಿಸಿ, ಇಬ್ಬರಿಗೂ ಕಾಫಿ ತರಲು ಒಳಗೆ ಹೋದ.