ಬ್ಯಾಗು ಕಾಯುವವಳ ಆರು ಬುಧವಾರ

ವರ್ಷಕ್ಕೊಂದು ದಿನ ಹಿಮದ ಮೇಲೆ ಜಾರಿ, ಉಳಿದ ದಿನವೆಲ್ಲ ಅದರ ಬಗ್ಗೆ ಉಪನ್ಯಾಸ ಕೊಡುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಮೆರಿಕದ ಷಾರ್ಲೆಟ್ಟಿನ ನಮ್ಮ ಕನ್ನಡ ಗುಂಪಿನಲ್ಲಿ ಅಂಥವರು ಐದು ಜನ ಇದ್ದಾರೆ. ಅವರಲ್ಲಿ ಒಬ್ಬರು ನನ್ನ ಮನೆಯಲ್ಲೇ ಇದ್ದಾರೆ.

ಕೋವಿಡ್ಡಿನ ಮೊದಲ ಚಳಿಗಾಲದಲ್ಲಿ ಶುರುವಾದದ್ದು ಇದು. ಯಾರ ಮನೆಗೂ ಯಾರೂ ಹೋಗುವಂತಿರಲಿಲ್ಲ, ಬಯಲಲ್ಲಾದರೂ ಸೇರೋಣ ಅಂತ ಐದು ಕುಟುಂಬಗಳು ಎರಡೂವರೆ ಗಂಟೆ ಡ್ರೈವ್ ಮಾಡಿ ಬೆಟ್ಟದ ಮೇಲಿನ ಸ್ಕೀ ಜಾಗಕ್ಕೆ ಹೋದೆವು. ಸ್ಕೀ ಮಾಡಿದ್ದು ಗಂಡಸರು ಮತ್ತು ಮಕ್ಕಳು. ಹೆಂಗಸರು ಪಾರ್ಕಿಂಗ್ ಲಾಟಿನಲ್ಲಿ ನಿಂತು ಪುಳಿಯೋಗರೆ ಬಡಿಸಿದೆವು. ಮರುವರ್ಷ ಬೆಟ್ಟದ ಬುಡದಲ್ಲಿರುವ ದೊಡ್ಡ ಹಾಲಿನೊಳಗೆ ಕೂರಲು ಬಿಟ್ಟರು, ಅಲ್ಲಿಗೆ ನಮ್ಮ ಗತಿ ಖಾಯಂ ಆಯಿತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನಾವು ಒಳನುಗ್ಗಿ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಉದ್ದ ಮೇಜಿನ ತುಂಬ ಶಾಲು ಹಾಸಿ ಜಾಗ ಹಿಡಿಯಬೇಕು. ಆಮೇಲೆ ಸಂಜೆಯವರೆಗೆ ಇಪ್ಪತ್ತು ಜನರ ಬ್ಯಾಗು, ಬೂಟು, ಫೋನು, ಕಾಫಿ ಫ್ಲಾಸ್ಕು ಕಾಯಬೇಕು. ಯಾರೂ ಹೀಗೆ ಮಾಡಿ ಎಂದು ಹೇಳಲಿಲ್ಲ. ಯಾರೂ ಬೇಡ ಎಂದೂ ಹೇಳಲಿಲ್ಲ.

ನಾಲ್ಕು ಚಳಿಗಾಲ ಹಾಗೇ ಕಳೆದವು. ಗಾಜಿನ ಗೋಡೆಯಾಚೆ ಮಗಳ ಹಸಿರು ಹೆಲ್ಮೆಟ್ ಹುಡುಕುವುದು ನನ್ನ ಕಾಲಕ್ಷೇಪ. ಅವಳು ಎರಡನೇ ವರ್ಷವೇ ಶಾಲೆಯ ಸ್ಕೀ ಕ್ಲಬ್ಬಿಗೆ ಸೇರಿ ನಮ್ಮ ಗುಂಪಿನವರನ್ನೆಲ್ಲ ಹಿಂದೆ ಹಾಕಿದ್ದಳು. ಮಧ್ಯಾಹ್ನ ಐದು ನಿಮಿಷ ಒಳಗೆ ಬಂದು, ಕೆಂಪಾದ ಮೂಗಿನಲ್ಲಿ ನಾಲ್ಕು ತುತ್ತು ಮೊಸರನ್ನ ತಿಂದು, ಮೇಲೆ ಏನೇನಾಯಿತು ಅಂತ ಇಂಗ್ಲಿಷಿನಲ್ಲಿ ಪಟಪಟ ಹೇಳಿ ಓಡುತ್ತಿದ್ದಳು. ಅವಳು ಹೇಳಿದ್ದರಲ್ಲಿ ಒಂದು ಜಾಗವೂ ನಾನು ಕಂಡದ್ದಲ್ಲ. ಸುಮ್ಮನೆ ತಲೆಯಾಡಿಸುತ್ತಿದ್ದೆ.

ಐದನೇ ಚಳಿಗಾಲಕ್ಕೆ ಅವಳಿಗೆ ಹದಿನೇಳು. ಡಿಸೆಂಬರಿನಲ್ಲಿ ದೇಶದ ಆ ತುದಿಯ ಕಾಲೇಜಿನಿಂದ ಸೀಟು ಸಿಕ್ಕಿದ ಪತ್ರ ಬಂತು. ಎಲ್ಲರಿಗೂ ಸಿಹಿ ಹಂಚಿ, ಬಾತ್‌ರೂಮಿಗೆ ಹೋಗಿ ಅತ್ತೆ. ಆಗಸ್ಟಿಗೆ ಹೊರಟುಬಿಡುತ್ತಾಳೆ. ಅಷ್ಟರೊಳಗೆ ಒಂದೇ ಒಂದು ಸಲ ಬೆಟ್ಟದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟಿನಲ್ಲಿ ಅವಳ ಪಕ್ಕ ಕೂತು ಮೇಲೆ ಹೋಗಿ, ಅವಳ ಜೊತೆ ಜಾರಿಕೊಂಡು ಕೆಳಗೆ ಬರಬೇಕು ಅನ್ನಿಸಿತು. ಬೇರೆ ಏನೂ ಬೇಡ ಅನ್ನುವಷ್ಟು ಅನ್ನಿಸಿತು.

ಗಂಡನಿಗೆ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ಕಣ್ಣೂ ಎತ್ತಲಿಲ್ಲ.

"ನಿಂಗ್ಯಾಕೆ ಅದೆಲ್ಲ? ನಲವತ್ತೇಳಕ್ಕೆ ಮೂಳೆ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು?"

ಆಹಾ! ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವಾಗ ಈ ಮೂಳೆಯ ಚಿಂತೆ ಯಾರಿಗೂ ಬಂದಿರಲಿಲ್ಲ. ಇವರ ಮಂಡಿ ನೋವಿಗೆ ಮುಲಾಮು ಹಚ್ಚುವಾಗಲೂ ನನ್ನ ವಯಸ್ಸು ಎಲ್ಲೋ ಅಡಗಿ ಕೂತಿತ್ತು. ನನಗೆ ಬುಧವಾರ ರಜೆ. ಪ್ರತಿ ಬುಧವಾರ ಹೋಗಿ ಕಲಿಯುತ್ತೇನೆ, ಮಗಳಿಗೆ ಮಾತ್ರ ಹೇಳಬೇಡಿ, ಬರದೇ ಹೋದರೆ ಮಾನ ಹೋಗುವುದು ನನ್ನದು ಎಂದೆ. ಅವರು ನಕ್ಕರು. ಎರಡು ವಾರ ಹೋಗಿ ಬಿಡ್ತೀಯಾ ಬಿಡು ಎಂದರು.

ಮೊದಲ ಬುಧವಾರ ನನಗೆ ಸಿಕ್ಕ ಟೀಚರ್ ಎಪ್ಪತ್ತರ ಹತ್ತಿರದ ಅಮೆರಿಕನ್ ಹೆಂಗಸು. ಒಂದು ಗಂಟೆ ನನ್ನನ್ನು ಇಳಿಜಾರಿನ ಹತ್ತಿರವೂ ಬಿಡಲಿಲ್ಲ. ಸಮ ನೆಲದಲ್ಲಿ ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ ನಡೆಸಿದಳು, ಬೇಕೆಂದೇ ಬೀಳಿಸಿ ಏಳುವುದು ಹೇಗೆಂದು ಕಲಿಸಿದಳು. ಆಮೇಲೆ ಎರಡೂ ಸ್ಕೀಗಳ ತುದಿ ಹತ್ತಿರ ತಂದು ಹಿಮ್ಮಡಿ ಅಗಲಿಸಿದರೆ ವೇಗ ಕಡಿಮೆಯಾಗುತ್ತದೆಂದು ತೋರಿಸಿದಳು. ಆ ದಿನ ನಾನು ನಿಲ್ಲಬೇಕೆಂದಲ್ಲಿ ನಿಲ್ಲಲಿಲ್ಲ, ಹಗ್ಗದ ಬೇಲಿ ಸಿಕ್ಕಿದಲ್ಲಿ ನಿಂತೆ. ನಮ್ಮ ಗುಂಪಿನ ಗಂಡಸರು ಇದನ್ನೆಲ್ಲ ಕಲಿತದ್ದೇ ಇಲ್ಲ. ಐವರಲ್ಲಿ ಒಬ್ಬರು ಪಾಠಕ್ಕೆ ಹೋಗುವುದು, ಹೊರಗೆ ಬಂದು ಉಳಿದ ನಾಲ್ವರಿಗೆ ಹೇಳಿಕೊಡುವುದು, ಹತ್ತು ನಿಮಿಷದಲ್ಲಿ ಎಲ್ಲರೂ ಬೆಟ್ಟದ ತುದಿಗೆ! ಇದು ಅವರ ಪಾಠಕ್ರಮ. ಪ್ರತಿ ವರ್ಷವೂ ಅದೇ ತಿರುವಿನಲ್ಲಿ ಬೀಳುತ್ತಾರೆ, ಈ ಸಲ ಹಿಮ ಸರಿಯಿಲ್ಲ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವರ್ಷಕ್ಕೆ ಒಂದೇ ದಿನ ಮಾಡುವವರಿಗೆ ಪ್ರತಿ ಸಲವೂ ಮೊದಲನೇ ದಿನವೇ.

ಎರಡನೇ ಬುಧವಾರ ನಿಲ್ಲಲು ಬಂತು. ಎಲ್ಲಿ ಬೇಕೋ ಅಲ್ಲಿ! ಆ ಸಂತೋಷಕ್ಕೆ ದಾರಿಯುದ್ದಕ್ಕೂ ಕಾರಿನಲ್ಲಿ ಒಬ್ಬಳೇ ಹಾಡಿಕೊಂಡು ಬಂದೆ. ಮೂರನೆಯದು ಹಾಳಾಗಿ ಹೋಯಿತು. ಹಿಂದಿನ ದಿನ ಮಳೆ ಬಂದು, ಬೆಳಗಿನ ಚಳಿಗೆ ನೆಲ ಗಾಜಾಗಿತ್ತು, ಕಲಿತದ್ದೆಲ್ಲ ಮರೆತು ಹನ್ನೊಂದು ಸಲ ಬಿದ್ದೆ. ಮನೆಗೆ ಕುಂಟಿಕೊಂಡು ಬಂದವಳನ್ನು ನೋಡಿ ಗಂಡ ನಾನು ಹೇಳಲಿಲ್ವಾ ಎಂದರು. ಆ ಮಾತು ಕೇಳಿ ಬಂದ ಸಿಟ್ಟಿಗೇ ನಾಲ್ಕನೇ ಬುಧವಾರ ಹೋದೆ. ಇಲ್ಲದಿದ್ದರೆ ನಿಜವಾಗಿಯೂ ಬಿಟ್ಟುಬಿಡುತ್ತಿದ್ದೆನೋ ಏನೋ. ಟೀಚರಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಮೂರನೇ ದಿನ ಎಲ್ಲರಿಗೂ ಹಾಗೆಯೇ, ನಾಲ್ಕನೇ ದಿನ ಬಂದವರು ಕಲಿಯುತ್ತಾರೆ ಎಂದಳು. ಅವತ್ತು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಹಾಡ್ತಾ ಹಾಡ್ತಾ ರಾಗ ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ.

ಐದನೆಯದು ಲಿಫ್ಟು. ಇಳಿಯುವಾಗ ಮುಗ್ಗರಿಸಿ ಬಿದ್ದೆ, ನನ್ನಿಂದಾಗಿ ಇಡೀ ಲಿಫ್ಟು ನಿಲ್ಲಿಸಿದರು, ಗಾಳಿಯಲ್ಲಿ ತೂಗಾಡುತ್ತಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಿದರೆ ನೋಡಲಿ ಅಂತ ಎದ್ದೆ. ಆರನೇ ಬುಧವಾರ ತುದಿಯಿಂದ ಬುಡದವರೆಗೆ ಸುಲಭದ ಹಸಿರು ಗುರುತಿನ ದಾರಿಯಲ್ಲಿ ನಾಲ್ಕು ಸಲ ಇಳಿದೆ, ಒಂದು ಸಲವೂ ಬೀಳಲಿಲ್ಲ.

ಆ ಶನಿವಾರವೇ ಗುಂಪಿನ ಟ್ರಿಪ್ಪು. ಫೆಬ್ರವರಿ ಕೊನೆ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಎರಡೂ ಕಡೆ ಕಂದು ಹುಲ್ಲು, ನಡುವೆ ಮಷೀನು ಉಗುಳಿದ ಹಿಮದ ಪಟ್ಟಿ, ಅದೂ ಅಂಚಿನಲ್ಲಿ ಕರಗುತ್ತಿತ್ತು. ಮರುವಾರ ಇಡೀ ಮಳೆಯಂತೆ, ಇವತ್ತೇ ಕೊನೆ ಇರಬಹುದು ಎಂದು ಟಿಕೆಟಿನವನು ಹೇಳಿದ. ನಾನು ಬಾಡಿಗೆ ಬೂಟು ಬಿಗಿದುಕೊಂಡು ಬಂದಾಗ ಗಂಡ ಎಲ್ಲರ ಎದುರಿಗೆ ನನ್ನ ಕಡೆಗೆ ಮೂರು ಬ್ಯಾಗು ಚಾಚಿದರು. ಅಭ್ಯಾಸ ಬಲ. ನಾನು ತೆಗೆದುಕೊಳ್ಳಲಿಲ್ಲ. ಮೇಲೆ ಹೋಗುತ್ತೇನೆ ಎಂದೆ. ಒಬ್ಬರು ನಕ್ಕರು, ಇನ್ನೊಬ್ಬರು ಫೋನು ತೆಗೆದು ವಿಡಿಯೋ ಮಾಡಲು ರೆಡಿಯಾದರು. ಗಂಡ ಹತ್ತಿರ ಬಂದು ದನಿ ತಗ್ಗಿಸಿದರು.

"ಸುಮ್ನೆ ಕೂತ್ಕೋ ಪ್ಲೀಸ್. ಅವಳ ಲಾಸ್ಟ್ ಟ್ರಿಪ್ಪು, ನಿನ್ನ ಎತ್ತೋದ್ರಲ್ಲೇ ಅವಳ ದಿನ ಹೋಗತ್ತೆ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಗಳು ನನ್ನ ಬೂಟು ನೋಡಿದಳು, ಅಪ್ಪನ ಮುಖ ನೋಡಿದಳು, ಹೆಲ್ಮೆಟ್ಟಿನ ಮೇಲಿದ್ದ ಸ್ಕೀ ಕನ್ನಡಕ ಕಣ್ಣಿಗಿಳಿಸಿಕೊಂಡಳು. ಅವಳೂ ಅವರ ಕಡೆಯೇ ಎಂದುಕೊಂಡೆ. ಬ್ಯಾಗುಗಳನ್ನು ಅವರ ಕೈಯಲ್ಲೇ ಬಿಟ್ಟು, ಸ್ಕೀ ತೊಟ್ಟು ಲಿಫ್ಟಿನ ಸಾಲಿಗೆ ಹೋದೆ. ಹಿಂದೆ ಹಿಮದ ಮೇಲೆ ಸರಸರ ಸದ್ದಾಯಿತು. ಬಂದು ನನ್ನ ಪಕ್ಕ ನಿಂತದ್ದು ಹಸಿರು ಹೆಲ್ಮೆಟ್.

ಲಿಫ್ಟು ಹತ್ತುವಾಗ ನಾನು ತಡವರಿಸಲಿಲ್ಲ. ಅವಳು ಅದನ್ನು ಗಮನಿಸಿದಳು. ಎಲ್ಲಿ ಕಲಿತೆ, ಯಾವಾಗ ಎಂದು ಕೇಳಿದಳು. ಬುಧವಾರಗಳ ಕಥೆಯೆಲ್ಲ ಹೇಳಿದೆ, ಹೇಳುತ್ತ ಹೇಳುತ್ತ ಸಿಟ್ಟು ಮತ್ತೆ ಏರಿತು. ನಾಲ್ಕು ವರ್ಷ ನನ್ನನ್ನು ಮೇಜಿಗೆ ಕಟ್ಟಿಹಾಕಿದರು, ಒಬ್ಬರಾದರೂ ನೀನೂ ಬಾ ಎಂದು ಕರೆಯಲಿಲ್ಲ ಎಂದೆ. ಅವಳು ನನ್ನ ಕಡೆ ತಿರುಗಿದಳು.

"ನಾನು ಕರೆದೆ ಅಮ್ಮ. ಫಸ್ಟ್ ಟೈಮ್ ಬಂದಾಗ. ನೀನೇ ಅಂದೆ, 'ನಾನು ಇಲ್ಲೇ ಹ್ಯಾಪಿ' ಅಂತ. ಸೋ ಐ ಥಾಟ್ ಯು ಲೈಕ್ಡ್ ಇಟ್."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು. ಹದಿಮೂರರ ಹುಡುಗಿ, ಕಾಲಿಗಿಂತ ದೊಡ್ಡ ಬೂಟಿನಲ್ಲಿ ದಡಬಡ ಬಂದು ನನ್ನ ಜಾಕೆಟ್ ಹಿಡಿದು ಎಳೆದಿದ್ದಳು. ಅಮ್ಮ ಕಮ್, ಒಬ್ಬಳಿಗೇ ಭಯ ಅಂದಿದ್ದಳು. ನಾನು ಯಾರಿಗೋ ಅನ್ನ ಬಡಿಸುತ್ತಿದ್ದೆ. ಅವಳ ಕೈ ಬಿಡಿಸಿ, ನಾನು ಇಲ್ಲೇ ಹ್ಯಾಪಿ, ನೀನು ಹೋಗು ಪುಟ್ಟಾ ಎಂದಿದ್ದೆ. ಅವಳು ಒಬ್ಬಳೇ ಹೋಗಿದ್ದಳು.

ತುದಿ ಬಂತು, ಇಳಿದೆವು. ಅವಳು ಮುಂದೆ, ನಾನು ಹಿಂದೆ. ಪ್ರತಿ ತಿರುವಿನಲ್ಲೂ ನಿಂತು ನನಗಾಗಿ ಕಾದಳು, ನಾನು ಬಂದ ಮೇಲೆಯೇ ಹೊರಟಳು. ಲಿಫ್ಟು ನಿಲ್ಲಿಸುವವರೆಗೆ ಐದು ಸಲ ಹತ್ತಿ ಇಳಿದೆವು. ಅಷ್ಟು ಹೊತ್ತಿಗೆ ಗುಂಪಿನ ವಾಟ್ಸ್ಆ್ಯಪಿನಲ್ಲಿ ನನ್ನ ವಿಡಿಯೋ ಬಂದಿತ್ತು, ಅದರ ಕೆಳಗೆ ಗಂಡ, ತಾವೇ ಕಲಿಸಿದ ಹಾಗೆ, ಮನೆಯಲ್ಲಿ ಒಳ್ಳೆ ಕೋಚ್ ಇದ್ದಾರಲ್ಲ ಎಂದು ಬರೆದಿದ್ದರು. ನಾಚಿಕೆಗೇಡು! ಬೇರೆ ದಿನವಾಗಿದ್ದರೆ ಅದಕ್ಕೊಂದು ಮಹಾಯುದ್ಧವೇ ಆಗುತ್ತಿತ್ತು. ಅವತ್ತು ನನಗೆ ಅವರ ಮೇಲೆ ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ.

ಮಳೆ ಬಂತು, ಬೆಟ್ಟ ಮುಚ್ಚಿತು, ಆಗಸ್ಟಿನಲ್ಲಿ ಅವಳು ಹೊರಟಳು. ಹೊಸದಾಗಿ ಸ್ಕೀ ಕಲಿಯಲು ಎಷ್ಟು ದಿನ ಬೇಕು ಎಂದು ಈಗ ಗುಂಪಿನ ಹೆಂಗಸರು ನನ್ನನ್ನು ಕೇಳುತ್ತಾರೆ. ಬಿಡದೆ ಹೋದರೆ ಆರು ವಾರ ಸಾಕು ಎನ್ನುತ್ತೇನೆ. ಮಗು ಜಾಕೆಟ್ ಹಿಡಿದು ಎಳೆದ ದಿನವೇ ಎದ್ದು ಹೋಗಿದ್ದರೆ ಆ ವರ್ಷದ ಫೆಬ್ರವರಿಯೊಳಗೆ ನಾನು ಕಲಿತಿರುತ್ತಿದ್ದೆ.